ಕೆರೆಗೆ ಹಾರ



ಅಮರಸಿಂಹನು ತನ್ನ ಕೋಶದಲ್ಲಿ ನೀರಿಗೆ ಹೇಳಿರುವ ಹೆಸರುಗಳೊಳಗೆ ‘ಜೀವನ’ ಎಂಬುದೂ ಒಂದು. ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡುವಾಗ ನಮಗೆ ಅದು ಹತ್ತರೊಡನೆ ಹನ್ನೊಂದನೆಯ ಪರ್ಯಾಯಪದವಾಗಿ ಮಾತ್ರ ತೋರಿದ್ದಿತು. ನೀರಿಗೂ ಬಾಳಿಗೂ ಒಂದೇ ಹೆಸರೇಕೆಂಬುದನ್ನು ಹಳ್ಳಿಯ ಹೆಂಗಸರು ಕೋಶವಿಲ್ಲದೆಯೆ ಬಲ್ಲರು. ನಾವು ನೀರನ್ನು ಕುಡಿದವರು, ಅವರು ಹೊತ್ತವರು.

ನಮ್ಮ ಊರಿನ ಹೆಸರಿನ ಕೊನೆಯಲ್ಲಿಯೇ ಕೆರೆಯುಂಟು. ಸುತ್ತಮುತ್ತ ನೋಡಿದರೂ ಸಿರಿಗೆರೆ, ಹೊಳಲ್ಕೆರೆ, ಚಳ್ಳಕೆರೆ, ತರೀಕೆರೆ ಎಂದು ಕೆರೆಗಳ ಹೆಸರೇ. ಮಳೆಯನ್ನು ನಂಬಿ ಬೇಸಾಯ ಮಾಡುವ ಈ ಸೀಮೆಯಲ್ಲಿ ಕೆರೆ ತುಂಬಿದರೆ ಊರು, ಬತ್ತಿದರೆ ಹಾಳು. ಆದುದರಿಂದ ಕನ್ನಡ ಒಕ್ಕಲು ಮಕ್ಕಳ ಬಾಯಲ್ಲಿ ಉಳಿದು ಬಂದಿರುವ ಕಥನಗೀತಗಳಲ್ಲಿ ಕೆರೆಯ ಹಾಡು ಎಲ್ಲಕ್ಕೂ ಹೆಚ್ಚು ಮನಸ್ಸನ್ನು ಕಲಕುವಂಥದಾಗಿರುವುದು ಆಶ್ಚರ್ಯವಲ್ಲ. ‘ಕೆರೆಗೆ ಹಾರ’ ಎಂಬ ಆ ಗೀತವನ್ನು ವಾಚಕರಲ್ಲಿ ಬಹುಮಂದಿ ಶಾಲೆಯಲ್ಲಿ ಓದಿಯೇ ಇರುವರು. ನಾವಾದರೋ ಅದನ್ನು ಅನೇಕ ವರ್ಷ ಪಾಠ ಹೇಳಿದವರು. ಈಚೆಗೆ ಹೈಟಿ ದೇಶದ ಕಾದಂಬರಿಯೊಂದನ್ನು ಇಂಗ್ಲಿಷಿನಲ್ಲಿ ಓದಿದಾಗ ಆ ಹಾಡು ಮತ್ತೆ ನೆನಪಿಗೆ ಬಂದು, ನಾವು ಹೇಳಿದ ಪಾಠವು ಸರಿಯೇ ಎಂಬ ಶಂಕೆಯುಂಟಾಯಿತು. ಈ ತಿಂಗಳು ಆ ಶಂಕೆಯನ್ನೇ ತಮ್ಮ ಮುಂದೆ ಇಡುತ್ತೇವೆ.

ಮರೆತವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುವೆವು. ಕಲ್ಲನಕೇರಿಯ ಮಲ್ಲನಗೌಡನು ಕೆರೆಯೊಂದನ್ನು ಕಟ್ಟಿಸಿದನು. ಆದರೆ ಅದರಲ್ಲಿ ನೀರು ಬಾರದು. ಜೋಯಿಸರನ್ನು ಕೇಳಲಾಗಿ, ಮನೆಯ ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದಾಯಿತು. ‘ಹಾರ’ವೆಂದರೆ ಇಲ್ಲಿ ಕೊರಳಿನ ಮಾಲೆಯಲ್ಲ, ಆಹಾರ, ಎಂದರೆ ಬಲಿ. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು? ಕಿರಿಯವಳೇ ಆಗಬೇಕೆಂದು ತೀರ್ಮಾನವಾಯಿತು. ಆ ಕಿರಿಯವಳೇ ಭಾಗೀರಥಿ. ಗಂಡನಾದ ಮಾದೇವರಾಯನು ದಂಡಿನಲ್ಲಿದ್ದನು. ಭಾಗೀರಥಿಯು ಕಣ್ಣೀರು ತುಂಬಿಕೊಂಡು ತೌರಿಗೆ ಹೋದಳು. ಏಕಮ್ಮಾ ಅಳುವೆ ಎಂದು ಕೇಳಿದವರಿಗೆ, ಅತ್ತೆಮಾವಂದಿರು ಬೇರೆ ಇಡುವರಂತೆ ಎಂದಷ್ಟೇ ಹೇಳಿದಳು. ಇಟ್ಟರೆ ಇಡಲಿ, ಹೊಲಮನೆ ಕೊಡಿಸುವೆನೆಂದನು ತಂದೆ. ಒಡವೆ ಕೊಡುವೆನೆಂದಳು ತಾಯಿ. ಗೆಳತಿಯೊಬ್ಬಳ ಮುಂದೆ ಮಾತ್ರ ಅವಳು ನಿಜವನ್ನಾಡಿದಳು. ಆ ಗೆಳತಿಯಾದರೂ, ಕೊಟ್ಟ ಮನೆಯವರು ಇಟ್ಟಂತೆ ಇರಬೇಕೆಂದು ಸಮಾಧಾನ ಹೇಳಿದಳು. ಭಾಗೀರಥಿ ಹಿಂದಿರುಗಿದಳು. ಅಡಿಗೆ ಮಾಡಿದರು, ಮನೆಯವರೆಲ್ಲರೂ ಕೆರೆಗೆ ಹೋಗಿ ಗಂಗೆಯನ್ನು ಪೂಜಿಸಿ ಉಂಡರು. ಬರುವಾಗ ಬಂಗಾರದ ಬಟ್ಟಲನ್ನು ಕೆರೆಯಲ್ಲಿ ಮರೆತು ಬಂದರು. ಅದನ್ನು ತರಲು ಉಳಿದ ಯಾರೂ ಹೋಗರು, ಭಾಗೀರಥಿ ಹೋದಳು. ಮೆಟ್ಟಿಲು ಮೆಟ್ಟಿಲಾಗಿ ನೀರು ಏರಿ ಬಂದಿತು. ಕೆರೆ ತುಂಬಿತು, ಅವಳು ಮುಳುಗಿದಳು. ಇತ್ತ ಕೆಟ್ಟ ಕನಸನ್ನು ಕಂಡು ದಂಡಿನಿಂದ ಓಡಿ ಬಂದ ಮಾದೇವರಾಯನು, ಹೆಂಡತಿಯನ್ನು ಎಲ್ಲೆಲ್ಲಿಯೂ ಅರಸಿ, ಕೊನೆಗೆ ನಿಜವು ತಿಳಿದು, ಅದೇ ಕೆರೆಗೆ ಹಾರಿದನು.

ಈ ಪಾಠಕ್ಕೆ ನಾವು ಪ್ರತಿ ವರ್ಷವೂ ಕೇಳುತ್ತಿದ್ದ ಪ್ರಶ್ನೆಯು ಒಂದೇ: “ಭಾಗೀರಥಿಯ ತ್ಯಾಗಬುದ್ಧಿಯನ್ನು ವರ್ಣಿಸಿರಿ.” ಅಂಕಗಳು 5. ಉತ್ತರವೂ ಒಂದೇ, ಏಕೆಂದರೆ ಅದನ್ನು ಕರೀಹಲಗೆಯ ಮೇಲೆ ಬರೆಯಿಸಿದವರು ನಾವೇ. ಊರಿನ ಹಿತಕ್ಕಾಗಿ ಪ್ರಾಣವನ್ನು ತೃಣವಾಗಿ ಬಗೆದಳು, ಸೊಸೆಯ ಧರ್ಮವನ್ನು ಬೆಳಗಿದಳು, ಇತ್ಯಾದಿ. ಸುಮಾರು 30 ವರ್ಷಗಳ ಹಿಂದೆ, ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ಹೀಗೆ ಬರೆದಳು: “ಭಾಗೀರತಿ ತೌರಿಗೆ ಹೋದದ್ದು ಯಾರಾದರೂ ತಡೆಯುತ್ತಾರೇನೋ ಎಂದು ನೋಡುವುದಕ್ಕೆ. ಯಾರೂ ತಡೆಯಲಿಲ್ಲ. ನೀರು ಬಂದಾಗ ಅವಳು ಮೆಟ್ಟಿಲು ಹತ್ತುತ್ತಿದ್ದಳು.” ಇಷ್ಟೇ. ನಾವು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಪ್ರಶ್ನೆಗೆ ಉತ್ತರವಾಗಿಲ್ಲ’ ಎಂದು ಬರೆದು, 5ಕ್ಕೆ 1 ಅಂಕವನ್ನು ಕೊಟ್ಟೆವು. ಆ ಹುಡುಗಿ ಕಾಗದವನ್ನು ತೆಗೆದುಕೊಂಡು ಸುಮ್ಮನೆ ಹೋಗಿ ತನ್ನ ಸ್ಥಳದಲ್ಲಿ ಕುಳಿತಳು.

ಈಗ ಪುಸ್ತಕವನ್ನು ತೆರೆದು ನೋಡಿದರೆ ಹಾಡಿನಲ್ಲಿರುವುದು ಅದೇ. ಭಾಗೀರಥಿಯು ಬಟ್ಟಲನ್ನು ತೆಗೆದುಕೊಂಡು ಮೆಟ್ಟಿಲುಗಳನ್ನು ಏರುತ್ತಾ ಬರುತ್ತಾಳೆ. ಅವಳು ಒಂದು ಮೆಟ್ಟಿಲು ಏರಿದರೆ ನೀರು ಅವಳ ಹಿಂದೆಯೇ ಏರುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ನಡು. ಸಾಯಲೆಂದು ಬಂದವಳು ಮೆಟ್ಟಿಲನ್ನು ಇಳಿಯುವಳೇ ಹೊರತು ಏರಳು. ವ್ಯಾಕರಣ, ಛಂದಸ್ಸುಗಳನ್ನು ಬಲ್ಲೆವೆಂಬ ನಾವು ‘ಏರು’ ಎಂಬ ಒಂದು ಧಾತುವನ್ನು ಅಷ್ಟು ವರ್ಷಗಳೂ ಓದದೆ ದಾಟಿದ್ದೆವು. ಆ ಹುಡುಗಿ ಓದಿದ್ದಳು; ಅಥವಾ ಮನೆಯಲ್ಲಿ ಹಾಡುವವರ ಬಾಯಿಂದ ಕೇಳಿಯೇ ಬಲ್ಲವಳಾಗಿದ್ದಳು.

ನಾವು ಓದಿದ ಸಂಸ್ಕೃತದಲ್ಲಿಯೂ ನೀರನ್ನು ತಂದವರ ಕಥೆಗಳುಂಟು. ರಾಮಾಯಣದ ಬಾಲಕಾಂಡದಲ್ಲಿ ಸಗರನ ವಂಶದವನಾದ ಭಗೀರಥನು ತಪಸ್ಸು ಮಾಡಿ ಗಂಗೆಯನ್ನು ಧರೆಗಿಳಿಸುವನು. ಗಂಗೆಗೆ ಭಾಗೀರಥಿಯೆಂಬ ಹೆಸರು ಅವನಿಂದಲೇ ಬಂದಿತು. ನಮ್ಮ ಹಳ್ಳಿಯ ಹಾಡುಗಾರ್ತಿಯು ಆ ಹೆಸರನ್ನು ತೆಗೆದುಕೊಂಡು ಮನೆಯ ಕಿರಿಯ ಸೊಸೆಗೆ ಇಟ್ಟಳು. ಅಲ್ಲಿ ಅರಸನು ನೀರನ್ನು ತಂದು ಕೀರ್ತಿಯನ್ನು ಪಡೆದನು. ಇಲ್ಲಿ ಸೊಸೆಯು ನೀರನ್ನು ತಂದು ನೀರೇ ಆದಳು. ಇದಕ್ಕಿಂತ ಹತ್ತಿರದ ಕಥೆಯು ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪನದು. ಜಲಾಧಿದೇವತೆಯಾದ ವರುಣನಿಗೆ ಹರಿಶ್ಚಂದ್ರನು ತನ್ನ ಮಗನನ್ನು ಬಲಿ ಕೊಡುವೆನೆಂದು ಹೇಳಿ ತಪ್ಪಿದನು, ಅವನಿಗೆ ಜಲೋದರವುಂಟಾಯಿತು. ಮಗನಿಗೆ ಬದಲಾಗಿ, ಹಸಿದ ಅಜೀಗರ್ತನೆಂಬವನ ಮೂವರು ಮಕ್ಕಳಲ್ಲಿ ಒಬ್ಬನನ್ನು 100 ಹಸುಗಳಿಗೆ ಕೊಂಡರು. ಹಿರಿಯವನನ್ನು ತಂದೆ ಬಿಡಲೊಲ್ಲನು, ಕಿರಿಯವನನ್ನು ತಾಯಿ ಬಿಡಲೊಲ್ಲಳು. ನಡುವಣ ಶುನಃಶೇಪನು ಯೂಪಸ್ತಂಭಕ್ಕೆ ಬಂದನು. ಅವನಿಗೆ ಮಂತ್ರವು ಗೊತ್ತಿದ್ದಿತು. ದೇವತೆಗಳನ್ನು ಸ್ತುತಿಸಲು ಪಾಶಗಳು ಕಳಚಿದುವು. ಭಾಗೀರಥಿಗೆ ಮಂತ್ರವು ಗೊತ್ತಿರಲಿಲ್ಲ. ಎರಡು ಕಥೆಗಳೂ ಒಂದು ವಿಷಯವನ್ನು ಮುಚ್ಚದೆ ಹೇಳುತ್ತವೆ: ಬಲಿಯನ್ನು ದೇವರು ಬೇಡಿದರೂ ಯಾರು ಬಲಿಯಾಗಬೇಕೆಂಬುದನ್ನು ಆರಿಸುವವರು ಮನುಷ್ಯರು, ಮನೆಯಲ್ಲಿ ಯಾರ ಪರವಾಗಿ ಮಾತಾಡುವವರಿಲ್ಲವೋ ಅವರನ್ನು ಆರಿಸುವರು.

ಇದು ಕನ್ನಡನಾಡಿನ ಮಾತು ಮಾತ್ರವಲ್ಲ. ವೂಕ್ ಕರಾಜಿಚ್ ಎಂಬ ಸರ್ಬಿಯಾದ ವಿದ್ವಾಂಸನು ಸಂಗ್ರಹಿಸಿದ ಸ್ಕಾದರ್ ಕೋಟೆಯ ಹಾಡಿನಲ್ಲಿ, ಹಗಲು ಕಟ್ಟಿದ ಗೋಡೆಯು ರಾತ್ರಿ ಬೀಳುತ್ತದೆ. ಮೂವರು ಅಣ್ಣತಮ್ಮಂದಿರಲ್ಲಿ ಮರುದಿನ ಯಾರ ಹೆಂಡತಿ ಬುತ್ತಿ ತರುವಳೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟಬೇಕೆಂದು ಮಾತಾಗುತ್ತದೆ. ಹಿರಿಯರಿಬ್ಬರೂ ತಮ್ಮ ಹೆಂಡಿರಿಗೆ ಗುಟ್ಟನ್ನು ತಿಳಿಸಿಬಿಡುವರು. ಕಿರಿಯವನು ಮಾತಿಗೆ ಕಟ್ಟುಬಿದ್ದು ಸುಮ್ಮನಿರುವನು. ಅಲ್ಲಿಯೂ ಸಿಕ್ಕಿದವಳು ಕಿರಿಯ ಸೊಸೆಯೇ.

ಇಂಥ ಹಾಡುಗಳು ಬಹುಕಾಲ ವಿದ್ಯಾವಂತರ ಕಿವಿಗೆ ಬೀಳಲೇ ಇಲ್ಲ. ಬಿದ್ದರೂ ಅವು ಸಾಹಿತ್ಯವೆಂದು ತೋರಲಿಲ್ಲ. ಕನ್ನಡದ ಲಾವಣಿಗಳನ್ನು ಮೊದಮೊದಲು ಅಚ್ಚು ಹಾಕಿಸಿದವರಲ್ಲಿ ಒಬ್ಬನು ಆಂಗ್ಲ ಅಧಿಕಾರಿಯಾದ ಜೆ. ಎಫ್. ಫ್ಲೀಟನು, ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿದಂತೆ ಕೆಲವನ್ನು ಅವನು 1885ರಿಂದ ಮೊದಲ್ಗೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದನು. ನಮ್ಮವರೇ ಮನಸ್ಸಿಟ್ಟು ಮಾಡಿದ ಕೆಲಸದಲ್ಲಿ ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರದು ದೊಡ್ಡದು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಸೇರಿ, ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡುವ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಹಾಡುಗಳು’ 1938ರಲ್ಲಿ ಬಂದಿತು. ಪರರಾಜ್ಯದ ಕಾಲದಲ್ಲಿ, ಇಂಗ್ಲಿಷು ಕಲಿತ ತರುಣರು ತಮ್ಮ ಅಜ್ಜಿಯರ ಕಡೆಗೆ ತಿರುಗಿ ಕೇಳಿದ ಕಾಲವದು.

ಅದೇ ಕಾಲದಲ್ಲಿ, ಭೂಮಂಡಲದ ಆಚೆಯ ಬದಿಯಲ್ಲಿ, ಹೈಟಿ ಎಂಬ ದ್ವೀಪರಾಜ್ಯದಲ್ಲಿಯೂ ಹೀಗೆಯೇ ನಡೆಯುತ್ತಿದ್ದಿತು. ಆಫ್ರಿಕದಿಂದ ತಂದ ಗುಲಾಮರು ಫ್ರೆಂಚರೊಡನೆ ಹೋರಾಡಿ 1804ರಲ್ಲಿ ಸ್ವತಂತ್ರ ಮಾಡಿಕೊಂಡ ನಾಡು ಅದು. ಓದಿದವರ ಬರವಣಿಗೆ ಫ್ರೆಂಚಿನಲ್ಲಿ; ಒಕ್ಕಲಿಗರ ಮಾತು ಕ್ರೆಯೋಲಿನಲ್ಲಿ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯವು ಆ ದೇಶವನ್ನು ಹಿಡಿದಿದ್ದಾಗ, ಝಾಂ ಪ್ರೈಸ್ ಮಾರ್ಸ್ ಎಂಬ ವಿದ್ವಾಂಸನು 1928ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ನಮ್ಮ ಹಳ್ಳಿಗರ ಕಥೆ, ಗಾದೆ, ಹಾಡು, ನಂಬಿಕೆಗಳೇ ನಮ್ಮ ಆಸ್ತಿಯೆಂದು ತನ್ನ ದೇಶದ ಓದಿದವರಿಗೆ ತಿಳಿಸಿದನು. ಅಲ್ಲಿ ಕಥೆ ಹೇಳುವವನು ಮೊದಲು ‘ಕ್ರಿಕ್?’ ಎನ್ನುವನು, ಕೇಳುವವರು ‘ಕ್ರಾಕ್!’ ಎಂದರೆ ಮಾತ್ರ ಕಥೆಯು ಮುಂದುವರಿಯುವುದು. ನಮ್ಮಲ್ಲಿ ಅಜ್ಜಿಯು ಕಥೆ ಹೇಳುವಾಗ ಮೊಮ್ಮಕ್ಕಳು ‘ಹೂಂ’ಗುಟ್ಟದಿದ್ದರೆ ಕಥೆ ನಿಲ್ಲುವುದಿಲ್ಲವೆ? ಎರಡೂ ಒಂದೇ ಕಟ್ಟಳೆ. ಕೇಳುವವನಿಗೂ ಕಥೆಯಲ್ಲಿ ಹೊಣೆಯುಂಟೆಂಬುದೇ ಅದರ ಅರ್ಥ.

ನಾವು ಮೇಲೆ ಹೇಳಿದ ಕಾದಂಬರಿಯನ್ನು ಬರೆದವನು ಝಾಕ್ ರೂಮ್ಯಾಂ. ಪಟ್ಟಣದ ಸಿರಿವಂತ ಮನೆತನದಲ್ಲಿ 1907ರಲ್ಲಿ ಹುಟ್ಟಿದನು. 1944ರಲ್ಲಿ, ಇನ್ನೂ 40 ತುಂಬುವ ಮೊದಲೇ ತೀರಿಕೊಂಡನು. ಕಾದಂಬರಿಯು ಅವನ ಮರಣಾನಂತರ ಅದೇ ವರ್ಷ ಪ್ರಕಟವಾಯಿತು. 1947ರಲ್ಲಿ ಅದು ಇಂಗ್ಲಿಷಿಗೆ ಬಂದಿತು. ಅದರ ಹೆಸರಿಗೆ ‘ಇಬ್ಬನಿಯ ಒಡೆಯರು’ ಎಂದರ್ಥ ಹೇಳಬಹುದು. ಆದರೆ ಹೈಟಿಯ ಹಳ್ಳಿಗರ ನುಡಿಯಲ್ಲಿ ಆ ಮಾತು ಹೊಲಗಳಿಗೆ ನೀರು ಹಂಚುವವನಿಗೆ ಸಲ್ಲುವುದಂತೆ. ನಮ್ಮಲ್ಲಿ ಅವನಿಗೆ ನೀರುಗಂಟಿ ಎನ್ನುವೆವು.

ಮಾನುಯೆಲ್ ಎಂಬ ಒಕ್ಕಲಿಗರ ಹುಡುಗನು 15 ವರ್ಷ ಕ್ಯೂಬಾದ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿ ಊರಿಗೆ ಬರುವನು. ಊರು ಒಣಗಿಹೋಗಿದೆ. ಗುಡ್ಡದ ಮರಗಳನ್ನು ಕಡಿದು ಇದ್ದಲು ಸುಟ್ಟು ಮಾರಿದ್ದಾರೆ. ಮರ ಹೋದ ಮೇಲೆ ಮಳೆಯೂ ಮಣ್ಣೂ ಹೋದುವು. ಅದರ ಮೇಲೆ, ನೆಲದ ಪಾಲಿಗಾಗಿ ನಡೆದ ಕೊಲೆಯೊಂದರಿಂದ ಊರು ಎರಡು ಪಂಗಡವಾಗಿ, ಒಬ್ಬರ ಮುಖವನ್ನು ಒಬ್ಬರು ನೋಡರು. ಹಿಂದೆ ಅಲ್ಲಿ ‘ಕೂಂಬೀತ್’ ಎಂಬ ಪದ್ಧತಿಯಿದ್ದಿತು. ನಮ್ಮ ಮುಯ್ಯಾಳಿನಂತೆ, ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಡೋಲು ಬಾರಿಸುತ್ತಾ ಹಾಡು ಹೇಳಿಕೊಡುವವನೊಬ್ಬನು ಮುಂದೆ. ಆ ತಾಳಕ್ಕೆ ಸಲಿಕೆ ಗುದ್ದಲಿಗಳು ಏಳುವುವು, ಬೀಳುವುವು. ಜಗಳ ಬಂದ ಮೇಲೆ ಅದೂ ನಿಂತಿದೆ. ಮಾನುಯೆಲನು ಗುಡ್ಡಗಳನ್ನು ಅಲೆದು ಒರತೆಯೊಂದನ್ನು ಕಂಡುಹಿಡಿಯುವನು. ಅದನ್ನು ಊರಿಗೆ ತರಲು ಎರಡು ಪಂಗಡದವರೂ ಕೂಡಿ ಕಾಲುವೆ ತೋಡಬೇಕು. ಎದುರು ಪಂಗಡದ ಅನ್ನಾಯಿಸ್ ಎಂಬವಳು ಅವನಿಗೆ ಒಲಿದು ಆ ಕಡೆಯ ಹೆಂಗಸರನ್ನು ಒಡಂಬಡಿಸುವಳು. ಅಷ್ಟರಲ್ಲಿ ಹಗೆಯವನೊಬ್ಬನು ಅವನನ್ನು ಕತ್ತಲಲ್ಲಿ ಇರಿಯುವನು. ಸಾಯುವಾಗ ಅವನು ಇರಿದವನ ಹೆಸರನ್ನು ತಾಯಿಗೆ ಮಾತ್ರ ಹೇಳಿ, ಯಾರಿಗೂ ತಿಳಿಸಬೇಡವೆನ್ನುವನು; ಹೆಸರು ಹೊರಬಿದ್ದರೆ ಸೇಡು, ಸೇಡಿನಿಂದ ನೀರು ನಿಲ್ಲುವುದು. ಊರು ಒಂದಾಗುವುದು, ಕೂಂಬೀತಿನ ಹಾಡು ಮತ್ತೆ ಏಳುವುದು, ಕಾಲುವೆಯಲ್ಲಿ ನೀರು ಹರಿದು ಬರುವುದು.

ಇದನ್ನು ಓದಿ ಮುಗಿಸಿದಾಗ, ಇಲ್ಲಿಯೂ ನೀರಿಗೆ ಒಬ್ಬರ ಪ್ರಾಣ ಹೋಯಿತಲ್ಲ, ಕಥೆ ಒಂದೇ ಆಯಿತಲ್ಲ ಎಂದು ನಮಗೆ ಮೊದಲು ತೋರಿತು. ಮರುದಿನ ಯೋಚಿಸಲು ಭೇದವು ಹೊಳೆಯಿತು. ಮಾನುಯೆಲನನ್ನು ನೀರು ಬೇಡಲಿಲ್ಲ; ಅವನ ಸಾವು ಹಗೆಯ ಫಲ. ಆ ಸಾವಿಗೆ ಅರ್ಥವನ್ನು ಅವನು ತಾನೇ ತುಂಬಿದನು. ಅವನ ತಾಯಿ ಅವನ ಮಾತನ್ನು ಕೇಳಿದಳು, ಊರು ಕೇಳಿತು. ನಮ್ಮ ಭಾಗೀರಥಿಗೆ ಆಡುವ ಮಾತೇ ಇಲ್ಲ. ಅವಳ ಸಾವಿಗೆ ಅರ್ಥ ತುಂಬಿದವರು ಬೇರೆಯವರು. ಜೋಯಿಸರು ತುಂಬಿದರು, ಮಾವನು ತುಂಬಿದನು, ಆಮೇಲೆ ಕರೀಹಲಗೆಯ ಮೇಲೆ ನಾವು ತುಂಬಿದೆವು. ತಾನಾಗಿ ಕೊಟ್ಟದ್ದು ತ್ಯಾಗ, ಕಿತ್ತುಕೊಂಡದ್ದು ಬಲಿ. ಈ ಭೇದವನ್ನು ಸಂಸ್ಕೃತ ಕಲಿತ ನಾವು ಮಕ್ಕಳಿಗೆ ಹೇಳಬೇಕಾಗಿದ್ದಿತು.

ಹಾಡು ಮಾತ್ರ ಆ ಭೇದವನ್ನು ಎಂದೂ ಮರೆಮಾಡಲಿಲ್ಲ. ಬಲಿಯನ್ನು ಹೊಗಳುವುದೇ ಅದರ ಉದ್ದೇಶವಾಗಿದ್ದರೆ ಕೆರೆ ತುಂಬಿದಲ್ಲಿಗೆ ಕಥೆಯು ಮುಗಿಯಬೇಕಾಗಿದ್ದಿತು. ಮುಗಿಯುವುದಿಲ್ಲ. ಗಂಡನು ಬರುವನು, ಹುಡುಕುವನು, ತಾನೂ ಸಾಯುವನು. ಗೌಡನ ಮನೆಗೆ ನೀರು ಬಂದಿತು, ಮಗನು ಹೋದನು. ಇದಕ್ಕಿಂತ ಸ್ಪಷ್ಟವಾಗಿ ತೀರ್ಪು ಹೇಳುವುದು ಹೇಗೆ? ಅತ್ತೆಮಾವಂದಿರ ಎದುರಿಗೆ ಆಡಲಾಗದುದನ್ನು ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತು ಹಾಡಿ ಹೇಳಿದರು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿಯೂ (1933), ಸ್ವಂತ ಬೇಸಾಯದ ಆಸೆಯು ಕೈಗೂಡದ ಚೋಮನು ತನ್ನ ಅಳಲನ್ನು ದುಡಿಯ ಮೇಲೆ ಬಾರಿಸುವನೇ ಹೊರತು ಧಣಿಗಳೊಡನೆ ವಾದಿಸನು. ಬಾಯಿಲ್ಲದವರ ಬಾಯಿ ಹಾಡು.

ನಮ್ಮ ಸೀಮೆಯ ಒಂದು ಕೆರೆಯ ಹೆಸರು ಇದಕ್ಕೆ ಸಾಕ್ಷಿ. ಚನ್ನಗಿರಿ ತಾಲ್ಲೂಕಿನಲ್ಲಿ, ಹರಿದ್ರಾ ನದಿಗೆ ಕಟ್ಟಿರುವ ಸೂಳೆಕೆರೆಯನ್ನು ವಾಚಕರು ಬಲ್ಲರು. ಅದರ ಸುತ್ತಳತೆಯು ಸುಮಾರು 40 ಮೈಲಿಯೆಂದು ಹಿಂದಿನ ಗ್ಯಾಸೆಟಿಯರುಗಳು ಹೇಳುವುವು. ಹರಿದ್ರೆಯು ಅಲ್ಲಿಂದ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ಈಗ ಆ ಕೆರೆಗೆ ಶಾಂತಿಸಾಗರವೆಂಬ ಹೆಸರಿದೆ; ಮರ್ಯಾದೆಯ ಹೆಸರು. ಅದನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಕುಮಾರಿಯೆಂದು ಜನರ ಕಥೆ. ಕೆರೆಯ ಪಾತ್ರದಲ್ಲಿ ವೇಶ್ಯೆಯರ ಕೇರಿಯಿದ್ದಿತೆಂದೂ, ಕೆರೆಯು ತಮ್ಮ ಹೆಸರಿನಿಂದಲೇ ಪ್ರಸಿದ್ಧವಾಗಬೇಕೆಂಬ ಷರತ್ತಿನ ಮೇಲೆ ಅವರು ತಮ್ಮ ಮನೆಗಳನ್ನು ಬಿಟ್ಟುಕೊಟ್ಟರೆಂದೂ ಆ ಕಥೆಯೇ ಹೇಳುವುದು. ಇದು ಚರಿತ್ರೆಯೋ ಕಟ್ಟುಕಥೆಯೋ, ನ್ಯಾಯವಂತೂ ಸ್ಪಷ್ಟ. ಆ ಹೆಂಗಸರು ನೆಲಕ್ಕೆ ಬದಲಾಗಿ ಹಣವನ್ನು ಕೇಳಲಿಲ್ಲ, ನೆನಪನ್ನು ಕೇಳಿದರು. ನಾವು ನಾಚಿಕೆಯಿಂದ ಹೆಸರನ್ನು ಬದಲಾಯಿಸಿದರೆ, ಮಾಡಿದ ಕರಾರನ್ನು ಮುರಿದವರು ನಾವಾಗುವೆವು. ಹೊಲಕ್ಕೆ ಹೋಗುವವರು ಇಂದಿಗೂ ಹಳೆಯ ಹೆಸರನ್ನೇ ಹೇಳುವರು. ಕರಾರು ಅವರ ಬಾಯಲ್ಲಿ ಉಳಿದಿದೆ.

ಬಲಿಯ ಕಾಲವು ಹೋಯಿತಲ್ಲ, ಈಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವುದು. ಈ ಪಟ್ಟಣಕ್ಕೆ ಭದ್ರಾ ನಾಲೆಯ ನೀರು ಕುಂದವಾಡ ಕೆರೆಯನ್ನು ತುಂಬಿ ಬರುವುದುಂಟು. ಲಕ್ಕವಳ್ಳಿಯಲ್ಲಿ ಆ ಅಣೆಕಟ್ಟನ್ನು ಕಟ್ಟಿದಾಗ ನೀರಿನಡಿಗೆ ಹೋದ ನೆಲದಲ್ಲಿಯೂ ಒಲೆಗಳು ಉರಿದಿದ್ದುವು. ಬೇಸಿಗೆಯಲ್ಲಿ ನಾಲೆಯ ಕೊನೆಭಾಗದ ಒಕ್ಕಲಿಗರು ತಮ್ಮ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ರಸ್ತೆಯಲ್ಲಿ ಕುಳಿತಾಗ ನಾವು ಬಸ್ಸು ತಡವಾಯಿತೆಂದು ಗೊಣಗುವೆವು. ಮನೆಯಲ್ಲಿ ಕೂಡ, ಎಲ್ಲರ ಒಳಿತಿಗೆಂದು ಒಂದು ಕಷ್ಟವನ್ನು ಯಾರಾದರೂ ಹೊರಬೇಕಾಗಿ ಬಂದಾಗ, ಅದು ಯಾರ ತಲೆಯ ಮೇಲೆ ಹೋಗಿ ಕೂರುವುದೆಂದು ವಾಚಕರು ಒಮ್ಮೆ ನೋಡಿಕೊಳ್ಳಲಿ. ಕಿರಿಯ ಸೊಸೆ ಎಲ್ಲ ಮನೆಯಲ್ಲಿಯೂ ಸೊಸೆಯೇ ಆಗಿರಬೇಕೆಂದಿಲ್ಲ.

ಕೊನೆಗೆ ಒಂದು ವಿನಂತಿ. ತಮ್ಮ ಮನೆಯಲ್ಲಿಯೋ ಊರಿನಲ್ಲಿಯೋ ಇಂಥ ಹಾಡನ್ನು ಬಲ್ಲ ಅಜ್ಜಿಯಿದ್ದರೆ ಈ ತಿಂಗಳು ಅವಳ ಬಳಿ ಕುಳಿತು ಕೇಳಿರಿ. ಈಗ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡುವುದು ಮಕ್ಕಳಿಗೂ ಗೊತ್ತು. ಹಾಡಿದವರ ಹೆಸರು, ಊರು, ಯಾವ ಕೆಲಸದಲ್ಲಿ ಹಾಡುತ್ತಿದ್ದರು ಎಂಬುದನ್ನು ಬರೆದಿಡಿರಿ. ಅವರ ಮಾತನ್ನು ತಿದ್ದಬೇಡಿರಿ. ಆ ಚಟವು ನಮ್ಮಂಥ ಮೇಷ್ಟರುಗಳಿಗೆ ಇದ್ದುದೇ ಸಾಕು. ನಡುನಡುವೆ ‘ಹೂಂ’ ಎನ್ನುವುದನ್ನು ಮಾತ್ರ ಮರೆಯಬೇಡಿರಿ.

ಅಂದು ಆ ಮೂರು ವಾಕ್ಯಗಳ ಉತ್ತರವನ್ನು ಬರೆದ ಹುಡುಗಿಗೆ ಈಗ 40 ದಾಟಿರಬೇಕು. ಅವಳ ಮನೆಗೆ ಈ ಪತ್ರಿಕೆ ಬರುವುದೋ ಇಲ್ಲವೋ ಅರಿಯೆವು. ಬಂದರೆ, ಆ ಉತ್ತರವನ್ನು ನಾವು ಮತ್ತೆ ಓದಿದೆವೆಂದೂ, ಕೆಂಪು ಶಾಯಿಯ ಆ ಬರಹವನ್ನು ಹೊಡೆದುಹಾಕಿ 5ಕ್ಕೆ 5 ಅಂಕಗಳನ್ನು ಕೊಟ್ಟಿರುವೆವೆಂದೂ ಅವಳಿಗೆ ತಿಳಿಯಲಿ.